ಆಟಿಯಲ್ಲಿ ಕಲಿತ ಬೈಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಕು ಬಿಡಲು ಕಲಿತು, ಲೈಸೆನ್ಸೂ ಕೈಗೆ ಬಂದ ಮೇಲೂ ಅದನ್ನು ಸ್ಟಾರ್ಟ್ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಇದೆಂಥ ಕಲಿಕೆ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಮರ್ಕಂಜದಲ್ಲಿ ಒಂದು ಇಡೀ ಮನೆಯವರು ನಕ್ಕಾಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಮಾಷ್ಟ್ರು. ಆ ಬೇಸಗೆಯಲ್ಲಿ ಮದುವೆಯಾಗಿತ್ತು. ಹೆಂಡತಿ ವೇದಾವತಿ ಮರ್ಕಂಜದವಳು. ನನ್ನ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಆಟಿ ಬಂತು. ನಮ್ಮ ಕಡೆ ಹೊಸ ಮದುಮಗಳು ಈ ಮಳೆಗಾಲದ ತಿಂಗಳನ್ನು ತವರಿನಲ್ಲೇ ಕಳೆಯಬೇಕು. ಗಂಡನಾದವನು ಆ ಕಡೆ ತಲೆ ಹಾಕಬಾರದು. ಇದಕ್ಕೆ ಹಿರಿಯರು ಕೊಡುವ ಕಾರಣಗಳು ಬೇಕಾದಷ್ಟು. ಆಟಿಯಲ್ಲಿ ಬಸುರಾದರೆ ಸುಡು ಬೇಸಗೆಯಲ್ಲಿ ಹೆರಿಗೆ ಎಂದು ಒಬ್ಬರು. ಮೈಮುರಿಯುವ ನಾಟಿಯ ಕೆಲಸದಿಂದ ಹುಡುಗಿಗೆ ಸ್ವಲ್ಪ ಬಿಡುವು ಸಿಗಲಿ ಎಂದು ಇನ್ನೊಬ್ಬರು. ಎಲ್ಲವೂ ಸರಿಯೇ. ಆದರೆ ಈ ಕಾರಣಗಳನ್ನು ಹೇಳುವ ಹಿರಿಯರೆಲ್ಲ ತಮ್ಮ ತಮ್ಮ ಹೆಂಡಿರು ಬಡಿಸಿದ ಬಿಸಿ ಗಂಜಿ ಉಣ್ಣುತ್ತಲೇ ಹೇಳುತ್ತಿದ್ದರು ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಹೊರಡುವ ಹಿಂದಿನ ದಿನ ವೇದಾವತಿ ಸೀರೆ ಮಡಚುತ್ತಾ ಮೆಲ್ಲಗೆ ಕೇಳಿದಳು, "ನಿಮಗೆ ಬೈಕ್ ಬಿಡ್ಲಿಕ್ಕೆ ಬರ್ತದಾ?"

"ಯಾಕೆ?"

"ಆಟಿ ಮುಗಿದ ಮೇಲೆ ನನ್ನನ್ನು ಕರೆಯಲಿಕ್ಕೆ ಬಸ್ಸಲ್ಲಿ ಬಂದ್ರೆ ನಿಮ್ಮ ಅಪ್ಪ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲ ಒಟ್ಟಿಗೆ ಬರ್ತಾರೆ. ಬೈಕಲ್ಲಾದ್ರೆ ಇಬ್ಬರಿಗೇ ಜಾಗ ಇರುದು."

ತುಂಬಿದ ಮನೆ ನಮ್ಮದು. ಮದುವೆಯಾದಾಗಿನಿಂದ ಹಗಲು ಹೊತ್ತಿನಲ್ಲಿ ನಾವಿಬ್ಬರೇ ಹತ್ತು ಮಾತಾಡಿದ್ದಿಲ್ಲ. ಹೀಗಿರುವಾಗ ಅವಳ ಆ ಲೆಕ್ಕಾಚಾರಕ್ಕೆ ನಾನು ಮರುಳಾದದ್ದರಲ್ಲಿ ಆಶ್ಚರ್ಯವೇನು? "ಬರ್ತದೆ" ಎಂದುಬಿಟ್ಟೆ. ಬರುತ್ತಿದ್ದದ್ದು ಸೈಕಲ್ಲು ಮಾತ್ರ, ಅದೂ ಬ್ರೇಕು ಗಟ್ಟಿ ಇದ್ದರೆ.

ಗುರು ಸಿಕ್ಕಿದರು. ನಮ್ಮ ಮದುವೆಗೆ ಅಡುಗೆ ಮಾಡಿದ ಶಂಕರ ಭಟ್ಟರು. ಊರೂರಿನ ಊಟದ ಮನೆಗಳಿಗೆ ಅವರು ಹೋಗುತ್ತಿದ್ದದ್ದು ಒಂದು ಹಳೆಯ ಕಪ್ಪು ಬೈಕಿನಲ್ಲಿ, ಸೌಟು ಸಟ್ಟುಗಗಳ ಚೀಲ ಸಮೇತ. ಆಟಿಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಭಟ್ಟರೂ ಖಾಲಿ, ಬೈಕೂ ಖಾಲಿ. ಶಾಲೆ ಬಿಟ್ಟ ಮೇಲೆ ದಿನಾ ಪಾಠ. ಭಟ್ಟರು ಹಿಂದೆ ಕೊಡೆ ಹಿಡಿದು ಕುಳಿತುಕೊಳ್ಳುವರು, ನಾನು ಮುಂದೆ ಮಳೆಯಲ್ಲಿ ನೆನೆಯುವೆ. ಅವರಿಗೆ ಎಲ್ಲವೂ ಅಡುಗೆಯೇ.

"ಕ್ಲಚ್ಚು ಬಿಡುದು ಅಂದ್ರೆ ತುಪ್ಪ ಬಡಿಸಿದ ಹಾಗೆ ಮಾಷ್ಟ್ರೆ. ಸಾರು ಸುರಿದ ಹಾಗೆ ಬಿಟ್ರೆ ಅದು ಹಾರ್ತದೆ."

ನಾನು ಸಾರೇ ಸುರಿದೆ. ಅದು ಹಾರಿತು. ಚರಂಡಿಯಿಂದ ನಾವಿಬ್ಬರೂ ಎದ್ದು ಬರುವಾಗ ಭಟ್ಟರ ಕೈಯಲ್ಲಿ ಕೊಡೆ ಬಿಡಿಸಿಕೊಂಡೇ ಇತ್ತು. "ಅಡ್ಡಿಲ್ಲ, ಮೊದಲ ದೋಸೆ ಯಾರದ್ದಾದ್ರೂ ಹರಿತದೆ" ಎಂದರು. ಮರುದಿನ ತರಗತಿಯಲ್ಲಿ ಮಗ್ಗಿ ತಪ್ಪಿದವನಿಗೆ ಬೆತ್ತ ಎತ್ತಿದವನು ಹಾಗೇ ಕೆಳಗಿಟ್ಟೆ. ನನ್ನ ಮೊಣಕಾಲಿನ ಗಾಯ ಅವನಿಗೂ ಕಾಣುತ್ತಿತ್ತು.

ಇನ್ನು ಸ್ಟಾರ್ಟ್ ಮಾಡುವ ವಿಷಯ. ನಮ್ಮ ಸೀಮೆಯಲ್ಲಿ ಸಮತಟ್ಟು ಜಾಗ ಎಂಬುದೇ ಇಲ್ಲವಷ್ಟೆ. ಶಾಲೆಯ ಮೈದಾನದಲ್ಲಿ ಚೆಂಡು ಒದ್ದರೆ ಕೆಳಗಿನ ತೋಡಿನ ನೀರಿನಲ್ಲಿ ಹುಡುಕಬೇಕು. ಭಟ್ಟರ ಮನೆಯಿದ್ದದ್ದು ದಿಬ್ಬದ ಮೇಲೆ. ವರ್ಷಗಟ್ಟಲೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಮೊಣಗಂಟು ಹೋಗಿತ್ತು. ಹಾಗಾಗಿ ಅವರು ಬೈಕನ್ನು ಇಳಿಜಾರಿನಲ್ಲಿ ಜಾರಲು ಬಿಟ್ಟು, ಗೇರು ಹಾಕಿ, ಕ್ಲಚ್ಚು ಬಿಡುವರು. ಅದು ಕೆಮ್ಮಿ ಎದ್ದು ಓಡುವುದು. ನಾನು ಕಲಿತದ್ದೂ ಅದನ್ನೇ. ಬೈಕಿನ ಬಲಗಡೆ ನಿಂತಿದ್ದ ಕಬ್ಬಿಣದ ಕೋಲಿಗೆ ಅವರು ಸೌಟಿನ ಚೀಲ ನೇತುಹಾಕುತ್ತಿದ್ದರು. ಅದು ಚೀಲ ಹಾಕಲಿಕ್ಕೇ ಇರುವ ಗೂಟ ಎಂದು ನಾನು ತಿಳಿದಿದ್ದೆ. ಬೇರೆಯವರು ಬೈಕನ್ನು ಒದೆಯುವುದನ್ನು ನೋಡಿರಲಿಲ್ಲವೆಂದಲ್ಲ. ಅದು ಹೇಳಿದ ಮಾತು ಕೇಳದ ಬೈಕಿಗೆ ಕೊಡುವ ಶಿಕ್ಷೆ ಎಂದುಕೊಂಡಿದ್ದೆ. ಮಾಷ್ಟ್ರ ಬುದ್ಧಿ ಬೇರೆ ಎತ್ತ ಓಡಬೇಕು ಹೇಳಿ!

ಆ ತಿಂಗಳು ಎಷ್ಟು ಉದ್ದವಿತ್ತು ಮಾರಾಯ್ರೆ! ಕಾಗದ ಬರೆದರೆ ಮಾವನವರು ಒಡೆದು ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳುವ ಪದ್ಧತಿ. ಆದ್ದರಿಂದ "ಇಲ್ಲಿ ಎಲ್ಲರೂ ಕ್ಷೇಮ, ಮಳೆ ಜೋರು ಇದೆ" ಎಂದು ಬರೆಯುತ್ತಿದ್ದೆ. "ಇಲ್ಲಿಯೂ ಮಳೆ ಜೋರು" ಎಂದು ಉತ್ತರ ಬರುತ್ತಿತ್ತು. ಆ 'ಇಲ್ಲಿಯೂ' ಎಂಬುದನ್ನು ನಾನು ಎಷ್ಟು ಸಲ ಓದಿದೆನೋ. ಸಂಜೆ ಬಿದ್ದು ಎದ್ದು ಮನೆಗೆ ಬಂದು, ಮೈಗೆ ಎಣ್ಣೆ ತಿಕ್ಕಿಕೊಳ್ಳುವಾಗ ಅವಳು ಬೇಕು ಅನ್ನಿಸುತ್ತಿತ್ತು. ಬರೀ ಅವಳ ದನಿಯಾದರೂ ಸಾಕು ಅನ್ನಿಸುತ್ತಿತ್ತು.

ಅಂತೂ ಪುತ್ತೂರಿನಲ್ಲಿ ಲೈಸೆನ್ಸಿನ ಪರೀಕ್ಷೆಯಾಯಿತು. ಭಟ್ಟರು ಅಲ್ಲಿಯೂ ಒಂದು ಇಳಿಜಾರು ಹುಡುಕಿಕೊಟ್ಟಿದ್ದರು. ನಾನು ಮೇಲಿನಿಂದ ಜಾರಿ ಬಂದು, ಎಂಟು ಬಿಡಿಸಿ ತೋರಿಸಿ ಪಾಸಾದೆ. ಆಟಿ ಮುಗಿದದ್ದೇ ತಡ, ಭಟ್ಟರಿಂದ ಬೈಕು ಕೇಳಿ ಪಡೆದು ಮರ್ಕಂಜಕ್ಕೆ ಹೊರಟೆ. ಅಪ್ಪ, ಚಿಕ್ಕಪ್ಪಂದಿರು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾವನ ಮನೆ ರಸ್ತೆಯಿಂದ ಕೆಳಗೆ, ಗುಡ್ಡದ ಬುಡದಲ್ಲಿ. ಅಂಗಳದವರೆಗೆ ಗತ್ತಿನಿಂದಲೇ ಇಳಿದೆ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಊಟವಾಯಿತು, ಉಪಚಾರವಾಯಿತು. ವೇದಾವತಿ ಹೊಸ ಸೀರೆಯುಟ್ಟು ಬಂದು ನಿಂತಳು. ಮನೆಯವರೆಲ್ಲ ಅಂಗಳದಲ್ಲಿ ಸಾಲುಗಟ್ಟಿದರು. ನಾನು ಬೈಕು ಹಿಡಿದು ಇಳಿಜಾರು ಹುಡುಕಿದೆ. ನಾಲ್ಕೂ ದಿಕ್ಕಿಗೆ ಏರು. ಅಯ್ಯೋ ದೇವರೇ, ಎಂದು ನಿಂತಲ್ಲೇ ಬೆವರಿದೆ.

"ಭಾವ, ಆ ಕೋಲನ್ನು ತುಳಿಯುದಲ್ವಾ?" ಎಂದ ವೇದಾವತಿಯ ಅಣ್ಣ ಕುಶಾಲಪ್ಪ.

"ಅದು ಚೀಲ ಹಾಕಲಿಕ್ಕೆ" ಎಂದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವನವರು ಕೆಮ್ಮಿದರು. ನಾನು ತುಳಿದೂ ನೋಡಿದೆ. ಅದು ತಿರುಗಿ ನನ್ನ ಮೊಣಕಾಲ ಕೆಳಗೇ ಬಾರಿಸಿತು. ಕುಶಾಲಪ್ಪನಿಗೂ ನೋಡಿ ಗೊತ್ತೇ ಹೊರತು ತುಳಿದು ಗೊತ್ತಿರಲಿಲ್ಲ. ಕೊನೆಗೆ ಬೈಕನ್ನು ರಸ್ತೆಯವರೆಗೆ ದೂಡುವುದೆಂದು ತೀರ್ಮಾನವಾಯಿತು. ನಾನು ಹ್ಯಾಂಡಲು ಹಿಡಿದೆ, ಕುಶಾಲಪ್ಪ ಹಿಂದಿನಿಂದ ದೂಡಿದ, ವೇದಾವತಿ ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಡೆದಳು. ಮಾನ ಹೋದದ್ದು ಹೋಯಿತು. ಆದರೆ ಒಂದು ತಿಂಗಳು ಬಿದ್ದು ಎದ್ದು ಕಲಿತದ್ದು ನಾವಿಬ್ಬರೇ ಇರಲಿಕ್ಕೆ, ಈಗ ನೋಡಿದರೆ ಮತ್ತೆ ಮೂರು ಜನ. ನನಗೆ ಅಳುವೇ ಬಂತು.

ಮೊದಲ ತಿರುವು ದಾಟುತ್ತಲೇ ವೇದಾವತಿ ನಿಂತಳು. "ಅಣ್ಣ, ನೀನು ಹೋಗು. ಅಮ್ಮ ಕರೀತಿದ್ದಾರೆ."

"ಹೌದಾ? ಭಾವ ಒಬ್ಬರೇ ಹೇಗೆ..."

"ನಾನು ದೂಡ್ತೇನೆ. ನೀನು ಹೋಗು."

ಅವನು ಕೈ ಒರೆಸಿಕೊಂಡು ಕೆಳಗಿಳಿದ. ನಾನು ಏದುಸಿರು ಬಿಡುತ್ತಾ ಹೇಳಿದೆ, "ಅಮ್ಮ ಕರೆದದ್ದು ನನಗೆ ಕೇಳ್ಲೇ ಇಲ್ಲ."

"ನನಗೂ ಕೇಳ್ಲಿಲ್ಲ" ಎಂದು ಅವಳು ಹಿಂದಿನ ಸೀಟಿಗೆ ಕೈ ಕೊಟ್ಟಳು.

ಹತ್ತು ಹೆಜ್ಜೆ ದೂಡುವುದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲುವುದು, ಮಾತಾಡುವುದು. ರಸ್ತೆಯಲ್ಲಿ ಯಾವ ಗಾಡಿ ಸದ್ದು ಮಾಡಿದರೂ ತಾನು ಅಂಗಳಕ್ಕೆ ಓಡುತ್ತಿದ್ದದ್ದನ್ನು ಅವಳು ಹೇಳಿದಳು. ಚರಂಡಿಗೆ ಬಿದ್ದದ್ದನ್ನು ನಾನು ಹೇಳಿದೆ. ಅವಳು ನಕ್ಕಳು, ಆಮೇಲೆ ಮೊಣಕಾಲ ಗಾಯ ನೋಡಿ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಮೇಲೆ ರಸ್ತೆ ಮುಟ್ಟಿದಾಗ ಮುಂದೆ ಚೆಂದದ ಇಳಿಜಾರು ಇತ್ತು. ಇಬ್ಬರೂ ಹತ್ತಲಿಲ್ಲ. ಬಿಸಿಲು ಇಳಿಯುವವರೆಗೆ ಮೋರಿಯ ಕಟ್ಟೆಯ ಮೇಲೆ ಕೂತೆವು.

ಕಿಕ್ ಹೊಡೆಯುವುದನ್ನು ಮುಂದಿನ ವಾರವೇ ಕಲಿತೆ. ಕಲಿಯಲು ಐದು ನಿಮಿಷವೂ ಬೇಕಾಗಲಿಲ್ಲ. ಅದಾದ ಮೇಲೆ ವೇದಾವತಿಯನ್ನು ಕೂರಿಸಿಕೊಂಡು ಕಲ್ಲುಗುಂಡಿ, ಗುಂಡ್ಯ ಎಂದು ಎಷ್ಟೋ ಕಡೆ ಹೋಗಿದ್ದೇನೆ, ಹೊತ್ತಿಗೆ ಸರಿಯಾಗಿ ತಲುಪಿದ್ದೇನೆ. ಆದರೆ ತಲುಪುವುದು ಸ್ವಲ್ಪ ತಡವಾದರೇ ಒಳ್ಳೆಯದು ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಅನ್ನಿಸಿದ್ದು ಆ ಏರಿನಲ್ಲಿ ಮಾತ್ರ.