ಆಲ್ತಾರಿನ ಮೇಲಿನ ಸೇನಾಪತಿ

ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುವ ವಾಸನೆ ಎಲ್ಲಿಂದ ಬಂದರೂ ನನ್ನ ಮನಸ್ಸು ಕುವೈತಿನ ಫಹಾಹೀಲಿನ ಆ ಮೂರನೇ ಮಹಡಿಗೆ ಓಡುತ್ತದೆ. ಎದುರು ಬಾಗಿಲಿನ ಲಿನ್ ಅಂಕಲ್ ಬಾಣಲೆ ಇಟ್ಟರೆಂದರೆ ನಮ್ಮ ಒಣಮೀನಿನ ಚಟ್ನಿಯೂ ಸೋಲೊಪ್ಪಿಕೊಳ್ಳುತ್ತಿತ್ತು. ಅವರು ತೈವಾನಿನವರು, ಎಣ್ಣೆ ಕಂಪನಿಯ ಪಂಪು ರಿಪೇರಿಗೆ ಬಂದ ಒಂಟಿ ಜೀವ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಏಸಿ ಸೋರಿ ಅವರ ಗೋಡೆಯೆಲ್ಲ ಒದ್ದೆಯಾದಾಗ, ಕಟ್ಟು ಹಾಕಿಸಿದ ಒಂದು ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ತಂದು, ಪೇಂಟಿಂಗ್ ಮುಗಿಯುವ ತನಕ ಇರಲಿ ಎಂದು ಮಮ್ಮಿಯ ಕೈಗೆ ಕೊಟ್ಟರು. ಬೋಳುತಲೆ, ಸಣ್ಣ ಮೀಸೆ, ಎದೆ ತುಂಬ ಪದಕ. ನಮ್ಮ ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಕಟ್ಟು ಹಾಕಿಸಿಕೊಳ್ಳುವ ಭಾಗ್ಯ ಸಂತರಿಗೆ ಬಿಟ್ಟರೆ ಸತ್ತ ಹಿರಿಯರಿಗೆ ಮಾತ್ರ. ಹಾಗಾಗಿ ಮಮ್ಮಿ ಏನೂ ಕೇಳದೆ ಅದನ್ನು ಮನೆಯ ದೇವರ ಪೀಠವಾದ ಆಲ್ತಾರಿನ ಮೇಲೆ ನನ್ನ ಅಜ್ಜನ ಫೋಟೋದ ಪಕ್ಕ ನಿಲ್ಲಿಸಿ ಹೂವಿಟ್ಟರು. ಅಂದಿನಿಂದ ಸಂಜೆಯ ಜಪಸರದಲ್ಲಿ 'ಲಿನ್ ಅವರ ಅಪ್ಪನ ಆತ್ಮಕ್ಕೆ' ಎಂದು ಒಂದು ನಮೋ ಮರಿಯ ಪ್ರಾರ್ಥನೆ ಹೆಚ್ಚಾಯಿತು. "ಮಿಲಿಟ್ರಿಯವರು ಅಂತ ಕಾಣ್ತದೆ, ಪಾಪ" ಎಂದು ಡ್ಯಾಡಿಯೂ ದನಿಗೂಡಿಸುತ್ತಿದ್ದರು.

ಪೇಂಟಿಂಗ್ ಮುಗಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬ ಬಂತು. ಊರಿನ ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ಯಾರದೋ ಬ್ಯಾಗಿನಲ್ಲಿ ವಿಮಾನ ಹತ್ತಿ ಬರುತ್ತಿತ್ತು. ಅದರ ಕಾಳನ್ನು ಪುಡಿಮಾಡಿ ಹಾಲಿಗೆ ಬೆರೆಸಿ ಎಲ್ಲರೂ ಒಟ್ಟಿಗೆ ಕುಡಿಯಬೇಕು. ಮುನಿಸಿಟ್ಟುಕೊಂಡು ಯಾರೂ ಕುಡಿಯಬಾರದು ಎಂಬುದು ನನ್ನ ಅಜ್ಜಿಯ ಕಟ್ಟಪ್ಪಣೆ. ಮಮ್ಮಿ ಆ ಸಲ ಲಿನ್ ಅಂಕಲ್ ಜೊತೆಗೆ ಝಾವ್ ಆಂಟಿಯನ್ನೂ ಕರೆದರು. ಆಂಟಿ ಚೀನಾದವರು, ಮಮ್ಮಿ ನರ್ಸಾಗಿದ್ದ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು, ಮಮ್ಮಿಗೆ ಅಲ್ಲಿದ್ದ ಒಬ್ಬಳೇ ಗೆಳತಿ. "ಇಬ್ರಿಗೂ ಅವರ ಭಾಷೆ ಮಾತಾಡ್ಲಿಕ್ಕೆ ಜನ ಇಲ್ಲ, ಸಿಗ್ಲಿ" ಎಂಬುದು ಮಮ್ಮಿಯ ಲೆಕ್ಕಾಚಾರ.

ಆಂಟಿ ಒಳಗೆ ಬಂದವರೇ ಆಲ್ತಾರಿನ ಮುಂದೆ ನಿಂತುಬಿಟ್ಟರು. ಇವನು ಇಲ್ಲೇನು ಮಾಡುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚೀನಾದ ಅಂತರ್ಯುದ್ಧದಲ್ಲಿ ಸೋತು, ತೈವಾನಿಗೆ ದಾಟಿ, ಸಾಯುವ ತನಕ ಅಲ್ಲಿ ಆಳಿದ ಸೇನಾಪತಿಯ ಫೋಟೋ ಅದು. ಆಂಟಿಯ ಅಜ್ಜನನ್ನು ಅವನ ಸೈನಿಕರು ಗದ್ದೆಯಿಂದಲೇ ಎಳೆದೊಯ್ದಿದ್ದರು, ಅಜ್ಜ ಮರಳಲಿಲ್ಲ. ಲಿನ್ ಅಂಕಲ್ ತಲೆ ತಗ್ಗಿಸಿಕೊಂಡೇ ಹೇಳಿದರು: ನಮ್ಮೂರ ಮನೆಯಲ್ಲಿ ಈ ಫೋಟೋ ತೂಗುಹಾಕಿದ್ದು ನನ್ನ ಅಪ್ಪ. ಊರವರ ಗದ್ದೆ ಉಳುತ್ತಿದ್ದ ಅಪ್ಪನಿಗೆ ಸ್ವಂತ ಗದ್ದೆ ಸಿಕ್ಕಿದ್ದು ಇವನ ಕಾಲದಲ್ಲಿ, ಚಿಕ್ಕಪ್ಪ ಜೈಲಿನಲ್ಲಿ ಸತ್ತದ್ದೂ ಇವನ ಕಾಲದಲ್ಲೇ. ಚಿಕ್ಕಪ್ಪನ ತಿಥಿಯ ದಿನ ಅಮ್ಮ ಈ ಫೋಟೋವನ್ನು ಗೋಡೆಗೆ ಮುಖ ಮಾಡಿಸುತ್ತಿದ್ದಳು, ಮರುದಿನ ಅಪ್ಪ ತಿರುಗಿಸಿ ಸರಿ ಮಾಡುತ್ತಿದ್ದ. ಗೇಣಿ ಒಕ್ಕಲಾಗಿದ್ದು, ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರ ಮಗನಾದ ಡ್ಯಾಡಿ ಮೆಲ್ಲಗೆ ತಲೆಯಾಡಿಸಿದರು. ಆಂಟಿ ಮಾತ್ರ ಬಾಗಿಲ ಕಡೆ ನೋಡುತ್ತಿದ್ದರು.

ಮಮ್ಮಿ ಹಾಲಿನ ಲೋಟಗಳ ತಟ್ಟೆ ಹಿಡಿದು ಆಂಟಿಗೂ ಬಾಗಿಲಿಗೂ ನಡುವೆ ಬಂದು ನಿಂತರು. ಆಂಟಿ ಈಗ ಹೊರಟರೆ ಇನ್ನು ಬರುವುದಿಲ್ಲ ಎಂದು ನನಗೂ ಗೊತ್ತಾಯಿತು. ತಟ್ಟೆ ಇಟ್ಟು ಮಮ್ಮಿ ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಮಾಡಿದ ಪ್ರಾರ್ಥನೆ ವಾಪಸ್ ತಗೊಳ್ಳಿಕ್ಕೆ ಆಗುದಿಲ್ಲ. ನಿನ್ನ ಅಜ್ಜನ ಹೆಸರು ಹೇಳು, ಅವರಿಗೂ ಮಾಡುವ." ಮತ್ತೊಂದು ಮೇಣದ ಬತ್ತಿ ಹಚ್ಚಿ ಕಾದು ನಿಂತರು. ಆಂಟಿ ಬತ್ತಿಯ ಹತ್ತಿರ ಬಂದು ಆ ಹೆಸರನ್ನು ಹೇಳಿದರು. ಲಿನ್ ಅಂಕಲ್ ಎದ್ದು ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿದರು. ಆಂಟಿ ಲೋಟ ಎತ್ತಿಕೊಂಡಾಗ ಮಮ್ಮಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಎಲ್ಲರೂ ಸೇರಿ ಕುಡಿದೆವು, ಅಷ್ಟು ಸಿಹಿಯಾದ ಹಾಲನ್ನು ನಾನು ಮತ್ತೆ ಕುಡಿದಿಲ್ಲ.

ಆ ಕಟ್ಟಡ ಈಗಿಲ್ಲ. ಲಿನ್ ಅಂಕಲ್ ಫೋಟೋ ಸಮೇತ ಊರಿಗೆ ಹೋದರು, ಆಂಟಿಯೂ ಹೋದರು. ಕೊನೆಯ ತನಕ ಮಮ್ಮಿಯ ಜಪಸರದಲ್ಲಿ 'ಲಿನ್ ಅವರ ಅಪ್ಪ' ಮತ್ತು ಝಾವ್ ಆಂಟಿಯ ಅಜ್ಜ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅವರು ಲಿನ್ ಅಂಕಲ್ ಅಪ್ಪ ಅಲ್ಲ ಮಮ್ಮಿ, ಎಂದರೆ, "ಇರ್ಲಿ, ಆ ಹೆಸ್ರಲ್ಲೇ ಹೋಗಿ ಅಭ್ಯಾಸ ಆಗಿದೆ. ಈಗ ಬದಲಾಯಿಸಿದ್ರೆ ಅಲ್ಲಿ ಅವರಿಗೆ ಗೊತ್ತಾಗ್ಬೇಕಲ್ಲ?" ಎನ್ನುತ್ತಿದ್ದರು. ಈಗ ಬತ್ತಿ ಹಚ್ಚುವುದು ನನ್ನ ಪಾಲಿಗೆ ಬಂದಿದೆ. ನಾನೂ ಏನನ್ನೂ ಬದಲಾಯಿಸಿಲ್ಲ. ಅವರಿಬ್ಬರಾದ ಮೇಲೆ ಮಮ್ಮಿಯ ಹೆಸರು ಹೇಳುತ್ತೇನೆ.