ತೆರೆಯದ ಫೈಲು, ಅರ್ಧಕ್ಕೆ ನಿಂತ ಸೋಬಾನೆ

ಹೊಸೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನವರ ಸೈಕಲ್ಲುಗಳಷ್ಟೇ ಓಡಾಡುವ ಹೊತ್ತು. ಶಶಿಕಲಾ ಅಂಗಡಿಯ ಶಟರ್ ಅರ್ಧ ಎತ್ತಿ, ಬಗ್ಗಿ ಒಳಹೋಗಿ, ಮೊದಲು ಕರೆಂಟ್ ಇದೆಯೇ ಎಂದು ನೋಡುತ್ತಾರೆ. ಕಸ ಗುಡಿಸುವುದು, ದೇವರ ಪಟಕ್ಕೆ ಹೂವಿಡುವುದು ಆಮೇಲೆ. ಅಷ್ಟರಲ್ಲೇ ತಿರುವಿನಲ್ಲಿ ನಿಂತ ಕಾರ್ಖಾನೆ ಬಸ್ಸಿನಿಂದ ಒಬ್ಬಾತ ಇಳಿದು ಓಡಿಬರುತ್ತಾನೆ. ಕೈಯಲ್ಲಿ ಪೆನ್‌ಡ್ರೈವ್.

“ಫೈಲ್ ತೊರಕ್ಕಲೆ ಅಕ್ಕಾ,” ಎಂದು ತಮಿಳಿನಲ್ಲಿ ಅಲವತ್ತುಕೊಳ್ಳುತ್ತಾನೆ. ಫೈಲು ತೆರೆಯುತ್ತಿಲ್ಲ. ಒಳಗಿರುವುದು ಇಡೀ ವಿಭಾಗದ ಪಾಳಿ ಪಟ್ಟಿಯಂತೆ. ಶಶಿಕಲಾ ಅದನ್ನು ತಮ್ಮ ಯಂತ್ರಕ್ಕೆ ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ಕೂಡಲೇ ಅವನ ಕೈಗೆ ಹಾಕಿ, ಸಂಜೆ ಬಾ ಎನ್ನುತ್ತಾರೆ.

“ಅಸಲಿಗೆ ಕೈ ಹಚ್ಚೋದಿಲ್ಲ,” ಅವನು ಹೋದ ಮೇಲೆ ನನಗೆ ಹೇಳುತ್ತಾರೆ. “ನಕಲಿನ ಮೇಲೆ ಏನು ಬೇಕಾದ್ರೂ ಮಾಡ್ಬೋದು. ಕೆಟ್ರೆ ಇನ್ನೊಂದು ನಕಲು.”

ದಿನಕ್ಕೆ ಹತ್ತು ಹದಿನೈದು ಮಂದಿ ಬರುತ್ತಾರೆ. ಹೆಚ್ಚಿನವರದು ಸಣ್ಣ ತೊಂದರೆ. ಹೊಸ ಕಂಪ್ಯೂಟರಿನಲ್ಲಿ ಮಾಡಿದ ಎಕ್ಸೆಲ್ ಫೈಲು ಹಳೆಯದರಲ್ಲಿ ಬಾಯಿ ಬಿಡುವುದಿಲ್ಲ. ಬರೆಯುವುದು ಮುಗಿಯುವ ಮೊದಲೇ ಯಾರೋ ಪೆನ್‌ಡ್ರೈವ್ ಕಿತ್ತಿರುತ್ತಾರೆ. ಕೆಲವು ಗಳಿಗೆಯಲ್ಲೇ ಸರಿಹೋಗುತ್ತವೆ, ಕೆಲವು ವಾರವಾದರೂ ಇಲ್ಲ.

ಶಶಿಕಲಾ ಡೆಂಕಣಿಕೋಟೆ ಕಡೆಯವರು. ತಂದೆ ಮುನಿಯಲ್ಲಪ್ಪನವರದು ರಾಗಿ ಹೊಲ. ಆನೆ ಬರುವ ಕಾಲದಲ್ಲಿ ಮನೆಮಂದಿಯೆಲ್ಲ ಅಟ್ಟಣೆ ಮೇಲೆಯೇ. ಓದಿದ್ದು ತಮಿಳು ಶಾಲೆಯಲ್ಲಿ, ಮನೆಮಾತು ಕನ್ನಡ, ಗಿರಾಕಿಗಳಲ್ಲಿ ಅರ್ಧ ಜನ ತೆಲುಗರು. ಟೈಪಿಂಗ್ ಕಲಿಯಲು ಹೊಸೂರಿಗೆ ಬಂದವರು ಕಂಪ್ಯೂಟರಿನ ಮುಂದೆ ಕೂತರು. ಕೆಲಸಕ್ಕಿದ್ದ ಕಚೇರಿ ಮುಚ್ಚಿದಾಗ, ಲೇತ್ ಕೆಲಸದ ಗಂಡ ಉಮಾಶಂಕರ್ ಓಣಿಯ ಈ ಗೂಡನ್ನು ಬಾಡಿಗೆಗೆ ಹಿಡಿದುಕೊಟ್ಟರು. ಈಗಲೂ ಹೊಸಬರು ಒಳಗೆ ಇಣುಕಿ, “ಯಜಮಾನ್ರು ಇಲ್ವಾಮ್ಮ?” ಎಂದು ಕೇಳುವುದುಂಟು. ಕರೆಂಟ್ ಹೋದರೆ ಮಾಡಿದ್ದೆಲ್ಲ ಮೊದಲಿನಿಂದ. ಮೌಸ್ ಹಿಡಿದು ಹಿಡಿದು ನೋಯುವ ಬಲಗೈ ಮಣಿಕಟ್ಟಿಗೆ ಸದಾ ಬಟ್ಟೆ ಸುತ್ತಿರುತ್ತದೆ.

ತೆರೆದುಕೊಟ್ಟ ಫೈಲುಗಳ ಮಾತೆತ್ತಿದರೆ ಆಕೆ ನಕ್ಕು ಮಾತು ತೇಲಿಸುತ್ತಾರೆ. ತಾವಾಗಿ ಹೇಳುವುದು ಕಿರಣ್‌ಕುಮಾರನ ಫ್ಲಾಪಿಯ ಸಂಗತಿಯೊಂದನ್ನೇ. ಪೆನ್‌ಡ್ರೈವ್ ಇನ್ನೂ ಬಂದಿರದ ಕಾಲದ ಮಾತದು.

ಕಿರಣ್‌ಕುಮಾರ್ ಉದ್ದನಪಲ್ಲಿಯವನು, ಇಲ್ಲಿನ ಕಾರ್ಖಾನೆಯೊಂದರ ಉಗ್ರಾಣದ ಗುಮಾಸ್ತ. ಅವನ ತಾಯಿ ಗೋವಿಂದಮ್ಮ ಸುತ್ತಿನ ಮದುವೆಗಳಿಗೆಲ್ಲ ಸೋಬಾನೆ ಹಾಡುತ್ತಿದ್ದವರು. ತಂಗಿ ಸಹನಾಳ ಮದುವೆ ಹತ್ತಿರ ಬಂದಾಗ, ಅಮ್ಮನ ಹಾಡುಗಳನ್ನು ಅಚ್ಚುಮಾಡಿಸಿ ನೆಂಟರ ಹೆಂಗಸರಿಗೆ ಹಂಚಬೇಕೆಂದು ಅವನಿಗೆ ಆಸೆಯಾಯಿತು. ಭಾನುವಾರಗಳಲ್ಲಿ ಅಮ್ಮನನ್ನು ಕೂರಿಸಿ ಹಾಡಿಸಿ ಚೀಟಿಗಳಲ್ಲಿ ಗೀಚಿಕೊಂಡ. ಉಗ್ರಾಣದ ಕಂಪ್ಯೂಟರಿನಲ್ಲಿ ಬಿಡುವಾದಾಗ ಅವನ್ನು ಟೈಪ್ ಮಾಡಿ, ಫ್ಲಾಪಿಯಲ್ಲಿ ಉಳಿಸಿ, ಮುಗಿದ ಚೀಟಿ ಎಸೆದ. ಅವನಿಗೆ ಬರುತ್ತಿದ್ದದ್ದು ಎಕ್ಸೆಲ್ ಒಂದೇ. ಒಂದೊಂದು ಚೌಕದಲ್ಲಿ ಒಂದೊಂದು ಹಾಡು ತುಂಬಿದ. ಕೊನೆಗೊಂದು ದಿನ ಫ್ಲಾಪಿ ಕೈಕೊಟ್ಟಿತು.

ಅವನು ಅದನ್ನು ಶಶಿಕಲಾ ಕೈಗಿಟ್ಟಿದ್ದು ಮಾರ್ಚ್ ತಿಂಗಳಲ್ಲಿ. ವರ್ಷಾಂತ್ಯದ ಲೆಕ್ಕದ ಫೈಲುಗಳು ಮೇಜಿನ ತುಂಬ. ಫ್ಲಾಪಿ ಡ್ರಾಯರಿಗೆ ಹೋಯಿತು.

“ಎರಡು ಸಲ ಬಂದು ಕೇಳ್ದ. ಆಯ್ತಾ ಅಕ್ಕಾ, ಅಂದ. ನಾಳಿಕ್ಕೆ ನೋಡ್ತೀನಿ ಕಣಪ್ಪಾ ಅಂದೆ. ಹಾಡು ತಾನೇ, ಹಾಡೋ ಅಮ್ಮ ಮನೇಲೇ ಅವ್ರಲ್ಲಾ, ಅವಸರ ಏನೈತೆ ಅಂದ್ಕೊಂಡೆ.”

ಮೂರನೆಯ ಸಲ ಬಂದಾಗ ಕಿರಣನ ತಲೆ ಬೋಳಾಗಿತ್ತು. “ಅಮ್ಮ ಹೋಗ್ಬುಟ್ಲು ಅಕ್ಕಾ. ರಾತ್ರಿ ಮಲಗ್ದೋಳು ಏಳಲೇ ಇಲ್ಲ,” ಎಂದ. ಫ್ಲಾಪಿ ಕೇಳಲಿಲ್ಲ, ಬೆಂಚಿನ ಮೇಲೆ ಕೂತ. ಶಶಿಕಲಾ ಮಿಕ್ಕ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಡ್ರಾಯರ್ ಎಳೆದರು.

ಮಧ್ಯಾಹ್ನದ ಹೊತ್ತಿಗೆ ಫೈಲು ತೆರೆಯಿತು. ಕಿರಣ್ ಅದನ್ನು ಎಕ್ಸೆಲ್ಲಿನ ಹೊಸ ನಮೂನೆ, ಹಳೆ ನಮೂನೆ ಎರಡರಲ್ಲೂ ಒಟ್ಟಿಗೆ ಉಳಿಸುವಂತೆ ಇಟ್ಟಿದ್ದ. ಹೊಸದು ಪೂರ್ತಿ ಹಾಳಾಗಿತ್ತು, ಹಳೆಯದು ಉಳಿದಿತ್ತು. ತೆರೆಯ ಮೇಲೆ ಅಮ್ಮನ ಮಾತು ಮೂಡಿದ್ದೇ ಅವನು ಎದ್ದು ಬಂದು ಓದತೊಡಗಿದ.

ಅವರೆಯ ಹೊಲದಾಗೆ ಹಾದಿಯು ಎರಡಾಗಿ
ಯಾವುದು ಅತ್ತೆಮನೆ ಹಾದಿ ಅಂದಾಳು
ತಾಯವ್ವ ತೋರಿದ ಬೆರ

ಅಲ್ಲಿಗೆ ನಿಂತಿತ್ತು. ಮುಂದಿನ ಹಾಡೂ ಅಷ್ಟೇ, ಅದರ ಮುಂದಿನದೂ. ಹಳೆಯ ನಮೂನೆಯಲ್ಲಿ ಒಂದು ಚೌಕಕ್ಕೆ ಇಂತಿಷ್ಟೇ ಅಕ್ಷರ, ಮಿಕ್ಕಿದ್ದನ್ನು ಅದು ಕತ್ತರಿಸಿಬಿಡುತ್ತದೆ. ಎಲ್ಲ ಹಾಡುಗಳಿಗೂ ಮೊದಲಿತ್ತು, ಯಾವುದಕ್ಕೂ ಕೊನೆಯಿರಲಿಲ್ಲ.

“ಒಂದು ವಾರ ಮುಂಚೆ ತೆರೆದಿದ್ರೆ ತುಂಡಾಗಿರೋದು ಗೊತ್ತಾಗೋದು. ಆಯಮ್ಮನ್ನೇ ಕೇಳಿ ಬರ್ಕೊಳ್ಳೋನು,” ಎನ್ನುತ್ತ ಶಶಿಕಲಾ ಮಣಿಕಟ್ಟಿನ ಬಟ್ಟೆ ಬಿಗಿದುಕೊಳ್ಳುತ್ತಾರೆ. “ಅವನೇ, ನನ್ನಿಂದ್ಲೂ ತಡ ಆಯ್ತು ಬಿಡಕ್ಕಾ, ಅಂದ. ಬಯ್ದಿದ್ರೆ ಚೆನ್ನಾಗಿರೋದು.”

ಮುಂದಿನ ಭಾನುವಾರ ಶಶಿಕಲಾ ಅಂಗಡಿ ಮುಚ್ಚಿ, ಹಾಡುಗಳನ್ನು ಪ್ರಿಂಟ್ ತೆಗೆದುಕೊಂಡು ಉದ್ದನಪಲ್ಲಿಯ ಬಸ್ಸು ಹತ್ತಿದರು. ಗೋವಿಂದಮ್ಮನ ಜೊತೆ ದನಿಗೂಡಿಸುತ್ತಿದ್ದ ಅಕ್ಕಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕಿರಣ್ ಓದಿದ. ಅವನು ನಿಂತಲ್ಲಿಂದ ಅಕ್ಕಯಮ್ಮ ಎತ್ತಿಕೊಂಡರು: “ತಾಯವ್ವ ತೋರಿದ ಬೆರಳಿಗೆ ಇಬ್ಬನಿ ಅಂಟಿತ್ತು.”

ಕಿರಣ್ ತಲೆಯಾಡಿಸಿದ. “ಅಮ್ಮ ಹಂಗನ್ತಿರ್ಲಿಲ್ಲ ಅತ್ತೆ. ಬೇರೆ ಏನೋ ಇತ್ತು.”

“ಇದ್ದಾತು ಕಣ್ಲಾ,” ಎಂದರು ಅಕ್ಕಯಮ್ಮ. “ಗೋವಿಂದಿ ಎತ್ತೋಳು, ನಾವು ಹಿಂದೆ ಎಳೆಯೋರು. ನಂಗೆ ತಿಳಿದಿದ್ದು ನಾನು ಹೇಳ್ದೆ. ಅವಳದ್ದು ಅಂತ ಬರೀಬ್ಯಾಡ.”

ಕೆಲವಕ್ಕೆ ಅಕ್ಕಯಮ್ಮನ ಕೊನೆ ಸಿಕ್ಕಿತು. ಬಹಳಷ್ಟಕ್ಕೆ ಅದೂ ಸಿಗಲಿಲ್ಲ. ಸೂತಕ ಕಳೆದು, ಹಿರಿಯರು ಮುಂದೆ ಹಾಕಿದ್ದ ಮದುವೆ ನಡೆದಾಗ ಹೆಂಗಸರು ಅಚ್ಚಾಗಿ ಬಂದ ಪುಸ್ತಕ ಹಿಡಿದು ಹಾಡಿದರು. ತುಂಡಾದ ಕಡೆ ಎಲ್ಲರ ದನಿ ಒಟ್ಟಿಗೆ ನಿಂತಿತು. ಹಸೆಮಣೆಯ ಮೇಲಿದ್ದ ಸಹನಾ ತಲೆ ತಗ್ಗಿಸಿದಳು. ಯಾರೋ ಬೇರೆ ಹಾಡು ಎತ್ತಿಕೊಂಡರು. ಶಶಿಕಲಾ ಊಟಕ್ಕೆ ನಿಲ್ಲದೆ ಬಂದುಬಿಟ್ಟರು.

ಈಗ ಅವರ ಅಂಗಡಿಯಲ್ಲಿ ಸರದಿ ಬೇರೆ. ದೊಡ್ಡ ಕಚೇರಿಯದಿರಲಿ, ಶಾಲೆ ಮಕ್ಕಳದಿರಲಿ, ಬಂದ ದಿನವೇ ಎಲ್ಲವನ್ನೂ ಒಮ್ಮೆ ತೆರೆಯಲು ನೋಡುತ್ತಾರೆ. ಆಗದಿದ್ದರೆ ಆಗಲಿಲ್ಲವೆಂದು ಅಂದೇ ಹೇಳುತ್ತಾರೆ. ತಮ್ಮದು ಹಿಂದೆ ಬೀಳುತ್ತದೆಂದು ಕೆಲವು ಕಚೇರಿಯವರು ಮುನಿಸಿಕೊಂಡು ಬೇರೆ ಕಡೆ ಹೋಗಿದ್ದಾರೆ.

ನಾನು ಹೊರಡುವ ಮುನ್ನ ಆ ಪುಸ್ತಕದ ಒಂದು ಪ್ರತಿ ತೋರಿಸುತ್ತಾರೆ. ತೆಳ್ಳನೆಯದು, ಹಳದಿ ರಟ್ಟು, ‘ಗೋವಿಂದಮ್ಮನವರ ಸೋಬಾನೆ’ ಎಂಬ ಹೆಸರು. ಅಕ್ಕಯಮ್ಮನ ಸಾಲುಗಳು ಬೇರೆ ಅಚ್ಚಿನಲ್ಲಿವೆ. ಅವೂ ಇಲ್ಲದ ಹಾಡುಗಳ ಕೆಳಗೆ ಬಿಳಿ ಜಾಗ.

“ಪ್ರೆಸ್ಸಿನೋರು ಕಾಗದ ದಂಡ, ಹತ್ತಿರ ಹತ್ತಿರ ಸೇರಿಸ್ಬಿಡ್ತೀವಿ ಅಂದ್ರು. ನಾನೇ ಬ್ಯಾಡ ಅಂದೆ,” ಎನ್ನುತ್ತಾರೆ ಶಶಿಕಲಾ, ಆ ಜಾಗವನ್ನು ಅಂಗೈಯಿಂದ ಸವರಿ. “ಇಲ್ಲೊಂದು ಸಾಲಿತ್ತು ಅಂತನಾದ್ರೂ ಓದೋರಿಗೆ ತಿಳೀಬೇಕಲ್ಲ.”