ಅತ್ತಿಗೆಯ ಎಡಗೈ

ಪರೀಕ್ಷೆಗೆ ಓದುತ್ತ ಓದುತ್ತ ನಾನು ನಮ್ಮ ಅತ್ತಿಗೆಯ ಕಾಯಿಲೆ ಕಂಡುಹಿಡಿದೆ. ಕಂಡುಹಿಡಿದದ್ದು ನನಗೇ ಗೊತ್ತಾಗಲಿಲ್ಲ.

ವಾರವಾರ ಈ ಅಂಕಣದಲ್ಲಿ ಕಬಡ್ಡಿ, ಖೋ ಖೋ ಅಂತ ಹರಟುತ್ತೇನೆ. ಈ ವಾರ ಕ್ಷಮಿಸಿ, ಮನಸ್ಸಿಲ್ಲ.

ನಾನು ಮಾಲೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. ಮನೆ ಟೇಕಲ್‌ನಲ್ಲಿ, ಅಣ್ಣ ಅತ್ತಿಗೆಯ ಜೊತೆ. ಹೋದ ವರ್ಷ ಪ್ರಮೋಷನ್ ಆಸೆಗೆ ಒಂದು ಪರೀಕ್ಷೆಗೆ ಕಟ್ಟಿದೆ. ಅದರಲ್ಲಿ ಅನಾಟಮಿ ಅಂತ ಒಂದು ಪೇಪರು. ನಮ್ಮ ಮೈ ಮೂರು ಪ್ಲೇನ್‌ಗಳಲ್ಲಿ ಚಲಿಸುತ್ತದಂತೆ. (ವಿಮಾನವಲ್ಲ, ಗಾಬರಿಯಾಗಬೇಡಿ.)

ಮೈಯನ್ನು ಎಡ-ಬಲ ಎಂದು ಸೀಳುವ ಒಂದು ಗಾಜಿನ ಹಲಗೆ ಇದೆ ಅಂದುಕೊಳ್ಳಿ. ನಡೆಯುವುದು, ಬಾಗುವುದು, ಹಿಂದೆ ಮುಂದೆ ಆಗುವುದೆಲ್ಲ ಅದರ ಉದ್ದಕ್ಕೆ. ಎರಡನೆಯ ಹಲಗೆ ಎದೆ ಬೇರೆ, ಬೆನ್ನು ಬೇರೆ ಮಾಡುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವುದು ಇದರ ಮೇಲೆ. ಮೂರನೆಯದು ಸೊಂಟಕ್ಕೆ ಅಡ್ಡ. ಕತ್ತು, ನಡು ತಿರುಗಿಸುವುದು ಇದರಲ್ಲಿ. ಬಾಗಿಲಿಗೆ ಕೀಲಿದ್ದ ಹಾಗೆ ಒಂದೊಂದಕ್ಕೂ ಒಂದೊಂದು ಅಕ್ಷ. ಎಷ್ಟು ಓದಿದರೂ ತಲೆಗೆ ಹತ್ತಲಿಲ್ಲ. ಯಾರನ್ನಾದರೂ ನಿಲ್ಲಿಸಿ ನೋಡಬೇಕು. ಯಾರನ್ನು?

ಅತ್ತಿಗೆ ರತ್ನಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ಕರೆದು ಅಂಗಳದಲ್ಲಿ ನಿಲ್ಲಿಸಿದೆ. ಬಾಗಿ ಅಂದೆ, ಬಾಗಿದರು. ಕತ್ತು ತಿರುಗಿಸಿ ಅಂದೆ, ತಿರುಗಿಸಿದರು. ಕೈ ಪಕ್ಕಕ್ಕೆ ಎತ್ತಿ ಅಂದೆ. ಬಲಗೈ ಕಿವಿಯ ತನಕ ಹೋಯಿತು. ಎಡಗೈ ಅರ್ಧಕ್ಕೆ ನಿಂತಿತು. ಉಳಿದರ್ಧಕ್ಕೆ ಇಡೀ ಮೈಯನ್ನೇ ಬಲಕ್ಕೆ ವಾಲಿಸಿದರು.

“ಅತ್ತಿಗೆ, ಮೈ ವಾಲಿಸ್ಬೇಡಿ. ಕೈ ಮಾತ್ರ ಎತ್ತಿ.”

“ಇಷ್ಟೇ ಬರೋದು ಕಣೋ.”

“ಯಾಕೆ, ಏನಾಯ್ತು?”

“ಏಮೀ ಲೇದು.” (ಅವರ ತವರು ತಾಯಲೂರಿನ ಕಡೆ. ‘ಏನೂ ಇಲ್ಲ’ ಅನ್ನುವುದು ಮಾತ್ರ ಯಾವಾಗಲೂ ತೆಲುಗಲ್ಲೇ.) “ಒಂದೇ ಮಗ್ಗುಲಿಗೆ ಮಲ್ಗಿದ್ದೆ, ಹಿಡ್ಕೊಂಡಿದೆ. ಹುಳಕ್ಕೆ ಸೊಪ್ಪು ಹಾಕ್ಬೇಕು, ಹೋಗ್ಲಾ?”

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಭುಜ ಹಿಡಿದುಕೊಂಡರೆ ಅದರ ಕೆಲಸವನ್ನು ನಡು ಮಾಡುತ್ತದೆ. ವೈವಾದಲ್ಲಿ ಇದನ್ನೇ ಉದಾಹರಣೆ ಕೊಟ್ಟೆ. “ಚೆನ್ನಾಗಿ ಗಮನಿಸ್ತೀರ ರೀ” ಅಂದರು ಪರೀಕ್ಷಕರು. ಪಾಸಾದೆ.

ಮೂರು ನಾಲ್ಕು ತಿಂಗಳಿಗೆ ಅತ್ತಿಗೆಯ ಕೈ ಊದಿಕೊಂಡಿತು. ಅಣ್ಣ, ನಾನು ಬಸ್ಸಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರು ಪರದೆಯ ಹಿಂದೆ ಪರೀಕ್ಷಿಸಿ ಹೊರಗೆ ಬಂದರು.

“ಎದೆಯಿಂದ ಕಂಕುಳಿನ ತನಕ ಗಂಟು ಬೆಳೆದಿದೆ. ಕೈ ಎತ್ತೋಕೇ ಆಗ್ತಿರಲಿಲ್ಲ ಇವರಿಗೆ. ಮನೇಲಿ ಯಾರೂ ನೋಡ್ಲಿಲ್ವಾ?”

ಅಣ್ಣ ನನ್ನ ಮುಖ ನೋಡಿದ. “ಇಲ್ಲ ಡಾಕ್ಟ್ರೇ” ಅಂದವನು ನಾನು.

ಸೊಪ್ಪು ಹೆಚ್ಚುವುದು, ಮುದ್ದೆ ತಿರುವುವುದು, ಗುಡಿಸುವುದು, ಒಗೆಯುವುದು. ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸವೆಲ್ಲ ಮುಂದಕ್ಕೆ ಬಾಗಿಯೇ. ಕೈ ಪಕ್ಕಕ್ಕೆ ಏಳಬೇಕಾದ ಕೆಲಸ ಯಾವುದಿದೆ? ತಲೆ ಬಾಚಿಕೊಳ್ಳುವುದೊಂದು. ಅದನ್ನು ಅತ್ತಿಗೆ ಪಕ್ಕದ ಮನೆಯಾಕೆಯ ಹತ್ತಿರ ಮಾಡಿಸಿಕೊಳ್ಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು. ನಮಗೆ ಅಷ್ಟು ಸಾಕಾಗಿತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಕೈಗೆ ವ್ಯಾಯಾಮ ಮಾಡಿಸುವ ಕೆಲಸ ನನ್ನದು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ನಡೆಸುತ್ತ ಕೈ ಏರಿಸಬೇಕು. ತಲುಪಿದ ಕಡೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಒಂದು ತಿಂಗಳು ಗೆರೆ ಮೇಲೆ ಹೋಯಿತು. ಆಮೇಲೆ ನಿಂತಿತು. ಆಮೇಲೆ ಕೆಳಗಿಳಿಯಿತು.

ಒಂದು ಬೆಳಿಗ್ಗೆ, ಕೈ ಗೋಡೆಯ ಮೇಲಿಟ್ಟುಕೊಂಡೇ ಅತ್ತಿಗೆ ಅಂದರು: “ಅಂಗಳದಲ್ಲಿ ನಿಲ್ಲಿಸಿದ್ಯಲ್ಲ, ಅವತ್ತೇ ಹೇಳ್ಬಿಡೋಣ ಅನ್ಕೊಂಡೆ. ಗಂಟು ಆಗ್ಲೇ ಕೈಗೆ ಸಿಕ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿನ್ ಪರೀಕ್ಷೆ ಹತ್ರ ಇತ್ತಲ್ಲೋ. ಹೇಳಿದ್ರೆ ಓದೋದು ಬಿಟ್ಟು ನೀನು ಆಸ್ಪತ್ರೆಗೆ ಅಲೀತಿದ್ದೆ.”

ಈ ಸಲದ ಮಾವು ಹಣ್ಣಾಗುವ ಮುಂಚೆಯೇ ಹೋಗಿಬಿಟ್ಟರು.

ಅವರಿಗೆ ನನ್ನ ಪರೀಕ್ಷೆ ನೆನಪಿತ್ತು. ಪರೀಕ್ಷೆ ಮುಗಿದ ಮೇಲಾದರೂ ನನಗೆ ಅವರ ಕೈ ಯಾಕೆ ನೆನಪಾಗಲಿಲ್ಲ?